ಫಿಲ್ಟರ್ ಸುಡುವ ಹೊತ್ತು

ಹೊಸ ಗಾಡಿಯ ಡ್ಯಾಶ್‌ಬೋರ್ಡಿನಲ್ಲಿ ಆ ಹಳದಿ ದೀಪ ಮೊದಲ ಸಲ ಹತ್ತಿದಾಗ ನನ್ನ ಬಾಮೈದ ಅದಕ್ಕೆ ಕೈ ಮುಗಿದ. ಒಂದು ಕೊಳವೆ, ಅದರೊಳಗೆ ಚುಕ್ಕೆ ಚುಕ್ಕೆ, ಅಂಥದೊಂದು ಚಿತ್ರ. "ಇದ್ಯಾವ ಒಸ ದೇವ್ರು ಬಾವ?" ಅಂದ. ನನಗೂ ಗೊತ್ತಿರಲಿಲ್ಲ. ನೀರು ಸರಿ ಇತ್ತು, ಆಯಿಲ್ ಸರಿ ಇತ್ತು, ಗಾಡಿ ಓಡುತ್ತಿತ್ತು. ಓಡುತ್ತಿರುವ ಗಾಡಿಯಲ್ಲಿ ಒಂದು ದೀಪ ಹತ್ತಿತು ಅಂತ ತಲೆ ಕೆಡಿಸಿಕೊಳ್ಳುವವರಲ್ಲ ನಾವು. ಸಂಜೆಗೆ ಆರುತ್ತದೆ ಬಿಡು ಅಂದೆ. ಆರಲಿಲ್ಲ.

ನಮ್ಮದು ಹಾಲಿನ ರೂಟು. ಕ್ಯಾಸಂಬಳ್ಳಿಯಿಂದ ಆಚೆ ಇರುವ ಊರುಗಳ ಡೈರಿಗಳಲ್ಲಿ ಬೆಳಿಗ್ಗೆ, ಸಂಜೆ ಬಿದ್ದ ಹಾಲನ್ನು ಕ್ಯಾನುಗಳಲ್ಲಿ ಹೇರಿಕೊಂಡು, ಕೆಜಿಎಫ್ ದಾಟಿ, ಬಂಗಾರಪೇಟೆಯ ಶೀತಲ ಕೇಂದ್ರಕ್ಕೆ ಮುಟ್ಟಿಸಬೇಕು. ಹಾಲು ಕರೆದ ಗಳಿಗೆಯಿಂದಲೇ ಕೆಡುವ ಕಡೆಗೆ ಹೊರಟಿರುತ್ತದೆ, ನಾವು ಅದಕ್ಕಿಂತ ಮುಂದೆ ಓಡಬೇಕು. ಒಡೆದ ಹಾಲನ್ನು ಕೇಂದ್ರದಲ್ಲಿ ಇಳಿಸಿಕೊಳ್ಳುವುದಿಲ್ಲ. ಗಾಡಿಯಿಂದಾಗಿ ಹಾಲು ಕೆಡುತ್ತಿದೆ ಅಂತಾದರೆ ರೂಟನ್ನೇ ಕಿತ್ತು ಇನ್ನೊಬ್ಬರಿಗೆ ಕೊಡುತ್ತಾರೆ. ಈ ರೂಟು ಹಿಡಿಯಲಿಕ್ಕೆ ಎಷ್ಟು ಮನೆಗಳ ಹೊಸ್ತಿಲು ಸವೆಸಿದ್ದೆ ಅಂತ ನನ್ನ ಚಪ್ಪಲಿಗೇ ಗೊತ್ತು. ಆ ರೂಟನ್ನು ನಂಬಿಯೇ ಗಾಡಿ ತಂದದ್ದು. ಅದು ಹೋದರೆ ಮನೆ ಮುಂದೆ ನಿಲ್ಲಿಸಿಕೊಂಡು ಗಾಡಿಗೆ ಪೂಜೆ ಮಾಡುವುದಷ್ಟೇ ಉಳಿಯುತ್ತದೆ.

ಬಾಡಿ ಕಟ್ಟಿಸುವಾಗ ನಾನೇ ಮುಂದೆ ನಿಂತಿದ್ದೆ. ತುಂಬಿದ ಕ್ಯಾನು ಎತ್ತಿದವರಿಗೇ ಅದರ ಭಾರ ಗೊತ್ತು. ಮೊದಲು ಬಾಡಿಗೆಗೆ ತಂದು ಓಡಿಸುತ್ತಿದ್ದ ಗಾಡಿಯ ಹಲಗೆ, ಅಂದರೆ ಕ್ಯಾನು ನಿಲ್ಲಿಸುವ ತಳ, ಎದೆಮಟ್ಟಕ್ಕಿತ್ತು, ಅದಕ್ಕೆ ಕ್ಯಾನು ಎತ್ತಿ ಎತ್ತಿ ಬಾಮೈದನ ಸೊಂಟ ಹಿಡಿದುಕೊಂಡಿತ್ತು. ಅದಕ್ಕೇ ಬಾಡಿ ಕಟ್ಟುವವನಿಗೆ ಹೇಳಿದೆ: ಚಾಸಿ ಮೇಲೆ ದಪ್ಪ ತೊಲೆ ಹಾಕಬೇಡ, ತೆಳುವಾದದ್ದು ಸಾಕು, ಹಲಗೆ ಎಷ್ಟು ಕೆಳಗಿಳಿಸಲಿಕ್ಕಾಗುತ್ತದೋ ಅಷ್ಟು ಇಳಿಸು. ಇಳಿಸಿದ. ಡೈರಿಗಳ ಮುಂದೆ ಗಾಡಿ ನಿಂತಾಗ ಹೆಂಗಸರು ಕೂಡ ಒಂದು ಕೈ ಕೊಟ್ಟು ಕ್ಯಾನು ಏರಿಸುವಂತಾಯಿತು. ಸುತ್ತಮುತ್ತಲ ರೂಟಿನವರು ಬಂದು ನೋಡಿ ಹೋದರು. ಅಂಥ ಬಾಡಿ ನಂದೊಂದೇ ಅಂತ ನನಗೆ ಜಂಬ ಇತ್ತು, ಸುಳ್ಳು ಯಾಕೆ ಹೇಳಲಿ.

ದೀಪ ಹತ್ತಿ ಕೆಲವು ದಿನಕ್ಕೆ ಅದು ಮಿಣುಕಲು ಶುರು ಮಾಡಿತು. ಒಂದು ಬೆಳಿಗ್ಗೆ ಕ್ಯಾನು ತುಂಬಿಕೊಂಡು ಕೆಜಿಎಫ್ ಕಡೆಯ ಏರು ಹತ್ತುವಾಗ ಗಾಡಿಯ ಉಸಿರೇ ಹೋಯಿತು. ಆಕ್ಸಿಲರೇಟರ್ ನೆಲಕ್ಕೆ ಒತ್ತಿದರೂ ಎಂಜಿನ್ ಮೇಲೆ ಏಳುವುದಿಲ್ಲ. ಸೈಕಲ್ಲಿನವನೊಬ್ಬ ನಮ್ಮನ್ನು ಹಿಂದೆ ಹಾಕಿ, ತಿರುಗಿ ನೋಡಿ ನಕ್ಕುಹೋದ. ಹಾಗೇ ತೆವಳಿಕೊಂಡು ಬಂಗಾರಪೇಟೆ ಸೇರಿದೆವು. ಅದು ಚಳಿಗಾಲ, ಹಾಲು ಉಳಿಯಿತು.

ಹೈವೇ ಪಕ್ಕದ ಸರ್ವೀಸ್ ಸೆಂಟರಿಗೆ ಒಯ್ದೆ. ಅಲ್ಲಿನ ಸೂಪರ್‌ವೈಸರ್ ವಯಸ್ಸಿನಲ್ಲಿ ಚಿಕ್ಕವನು, ಬೆಂಗಳೂರಿನ ಕಡೆಯವನು. ಸ್ಟಿಯರಿಂಗ್ ಕೆಳಗೆ ಒಂದು ವೈರ್ ಸಿಕ್ಕಿಸಿ ಲ್ಯಾಪ್‌ಟಾಪ್ ನೋಡಿದ. ಆಮೇಲೆ ನನ್ನನ್ನು ಗಾಡಿಯ ಎಡಗಡೆಗೆ ಕರೆದು, ಕ್ಯಾಬಿನ್ನಿನ ಹಿಂದೆ ಚಾಸಿಗೆ ಕಚ್ಚಿಕೊಂಡಿದ್ದ ಹಂಡೆಯಂಥ ಡಬ್ಬ ತೋರಿಸಿದ. ಹೊಗೆಯಲ್ಲಿರುವ ಮಸಿಯನ್ನೆಲ್ಲ ಹಿಡಿದಿಡುವ ಫಿಲ್ಟರ್ ಅದು. ತುಂಬಿದ ಮೇಲೆ ಒಳಗಿನ ಮಸಿಯನ್ನು ಅದೇ ಸುಟ್ಟು ಬೂದಿ ಮಾಡಿಕೊಳ್ಳಬೇಕು. ಸುಡಲಿಕ್ಕೆ ಶಾಖ ಬೇಕು. ಹೈವೇಯಲ್ಲಿ ಒಂದೇ ಸಮನೆ ಓಡುವ ಗಾಡಿಗೆ ಆ ಶಾಖ ತಾನಾಗಿ ಸಿಗುತ್ತದೆ.

"ನೀವು ಒಂದು ಸಲ ಸ್ಟಾರ್ಟ್ ಮಾಡಿದ್ರೆ ಎಷ್ಟು ಹೊತ್ತು ಓಡಿಸ್ತೀರ ಸರ್?" ಅಂತ ಕೇಳಿದ.

ಒಂದು ಊರಿಂದ ಇನ್ನೊಂದು ಊರಿಗೆ ಎಷ್ಟೋ ಅಷ್ಟು ಅಂದೆ. ಡೈರಿ ಮುಂದೆ ನಿಂತಾಗ ಆಫ್ ಮಾಡುತ್ತೇವೆ.

"ಯಾಕೆ ಆಫ್ ಮಾಡ್ತೀರ?"

ಯಾಕೆ ಅಂದರೆ ಏನು ಹೇಳಲಿ? ಹಾಲು ಅಳೆಯುವ ಕಡೆ ಗಾಡಿ ಆಫ್ ಮಾಡುವುದು ನಮ್ಮಲ್ಲಿ ಗುಡಿ ಮುಂದೆ ಚಪ್ಪಲಿ ಬಿಟ್ಟ ಹಾಗೆ. ಹಾಲು ವಾಸನೆ ಎಳೆದುಕೊಳ್ಳುತ್ತದೆ. ಬಾಯಿ ತೆರೆದ ಕ್ಯಾನಿನ ಹತ್ತಿರ ಡೀಸೆಲ್ ಹೊಗೆ ಬಿಟ್ಟರೆ ಹೆಂಗಸರು ಪೊರಕೆ ತಗೊಳ್ಳುತ್ತಾರೆ. ಅಲ್ಲದೆ ಇಳಿಜಾರು ಬಂದರೆ ಆಫ್ ಮಾಡಿ ಜಾರಿಸುವುದು ನನ್ನ ಕೈಗೆ ಹತ್ತಿದ ಅಭ್ಯಾಸ. ಅದನ್ನು ಮಾತ್ರ ಅವನಿಗೆ ಹೇಳಲಿಲ್ಲ.

ಅವನು ಒಂದು ಸ್ವಿಚ್ ತೋರಿಸಿದ. ದೀಪ ಹತ್ತಿದರೆ ತಡ ಮಾಡಬೇಡಿ, ಗಾಡಿ ನಿಲ್ಲಿಸಿ. ಹ್ಯಾಂಡ್‌ಬ್ರೇಕ್ ಎಳೆದು, ನ್ಯೂಟ್ರಲ್ ಮಾಡಿ, ಈ ಸ್ವಿಚ್ ಒತ್ತಿ ಹಿಡಿಯಿರಿ. ಎಂಜಿನ್ ತಾನಾಗಿ ರೈಸ್ ಆಗುತ್ತದೆ. ಮುಕ್ಕಾಲು ಗಂಟೆ ಬಿಟ್ಟುಬಿಡಿ. ಕ್ಲಚ್ ಮುಟ್ಟಿದರೂ ನಿಂತುಹೋಗುತ್ತದೆ, ಮತ್ತೆ ಮೊದಲಿಂದ ಶುರು. ಗಾಡಿ ಕೆಳಗೆ ಒಣಹುಲ್ಲು ಇರಬಾರದು, ಬೆಂಕಿ ಹತ್ತುತ್ತದೆ. ಇಷ್ಟನ್ನೂ ನನ್ನ ಬಾಯಲ್ಲಿ ಒಂದು ಸಲ ಹೇಳಿಸಿದ, ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸಿದೆ.

ವಾಪಸ್ ಬರುವಾಗ ರಾಬರ್ಟ್‌ಸನ್‌ಪೇಟೆಯಲ್ಲಿ ನಮ್ಮ ಹಳೇ ಮೆಕ್ಯಾನಿಕ್ ಸಿಕ್ಕ. ಅವನ ಮನೆಮಾತು ತಮಿಳು, ನಮ್ಮ ಜೊತೆ ಮೂರೂ ಭಾಷೆ ಕಲಸಿ ಮಾತಾಡುತ್ತಾನೆ. ವಿಷಯ ಕೇಳಿದ್ದೇ ನಕ್ಕುಬಿಟ್ಟ. "ಎದುಕ್ಕು ಇಷ್ಟು ಕಷ್ಟ ಅಣ್ಣಾ? ಒಳಗೆ ಇರೋ ಜಲ್ಲಡೆ ತೆಗೆದು ಬಿಸಾಕ್ತೀನಿ, ಬರೀ ಪೈಪ್ ವೆಲ್ಡ್ ಮಾಡ್ತೀನಿ. ದೀಪಾನೂ ಬರಲ್ಲ, ಒಣ್ಣೂ ಬರಲ್ಲ."

ಬಾಮೈದನಿಗೆ ಅದೇ ಸರಿ ಅನ್ನಿಸಿತು. ನನಗೆ ಧೈರ್ಯ ಬರಲಿಲ್ಲ. ಆರ್‌ಟಿಓ ತಪಾಸಣೆಗೆ, ಎಫ್‌ಸಿಗೆ ಅಂತ ಹೋದಾಗ ಹಿಡಿದರೆ ಗಾಡಿ ಅಲ್ಲೇ ನಿಲ್ಲುತ್ತದೆ. ಗಾಡಿ ನಿಂತರೆ ರೂಟು ಹೋಯಿತು. ಸ್ವಿಚ್ ಇದೆಯಲ್ಲ, ಒತ್ತಿದರಾಯಿತು ಅಂದೆ.

ಆದರೆ ಎಲ್ಲಿ ಒತ್ತುವುದು? ದೀಪ ಹತ್ತುತ್ತಿದ್ದದ್ದು ಸಾಮಾನ್ಯವಾಗಿ ಬೆಳಗಿನ ರೂಟಿನಲ್ಲಿ, ನಾಲ್ಕಾರು ಊರು ನಿಂತು ಹೊರಟ ಮೇಲೆ. ರಸ್ತೆ ಪಕ್ಕ ನೋಡಿದಲ್ಲೆಲ್ಲ ಒಣಗಿದ ಹುಲ್ಲು, ಇಲ್ಲವೇ ಯಾರದೋ ಹುಲ್ಲಿನ ಮೆದೆ. ಬಂಗಾರಪೇಟೆ ಮುಟ್ಟಿ ಇಳಿಸಿದ ಮೇಲೆ ಸುಡೋಣ ಅಂದರೆ ನಡುವೆ ಏರು ಇದೆ, ಒಂದು ಸಲ ತೆವಳಿದ್ದು ಸಾಕಾಗಿತ್ತು. ಕೊನೆಗೆ ಜಾಗ ಹೊಳೆದದ್ದು ಬಾಮೈದನಿಗೆ. ಏರಿಗೆ ಮೊದಲೇ ಸಿಗುವ, ಕೆಜಿಎಫ್‌ನ ಸೈನೈಡ್ ದಿಬ್ಬದ ಬುಡ. ಗಣಿಯಿಂದ ತೆಗೆದು ಅರೆದು ಚಿನ್ನ ಸೋಸಿದ ಮೇಲೆ ಉಳಿದ ಪುಡಿಮಣ್ಣಿನ ಗುಡ್ಡಗಳಲ್ಲವೇ ಅವು, ಬುಡದಲ್ಲಿ ಒಂದು ಗರಿಕೆಯೂ ಎದ್ದಿಲ್ಲ. "ಬೆಂಕಿ ಅತ್ತಕ್ಕೆ ಅಲ್ಲೇನೈತೆ ಬಾವ, ಮಣ್ಣು ಬಿಟ್ರೆ?" ಅಂದ. ಅವನ ಬೆನ್ನು ತಟ್ಟಿದೆ.

ಅಲ್ಲಿಂದ ಮುಂದೆ ಅದೇ ನಮ್ಮ ನಿಲ್ದಾಣವಾಯಿತು. ದೀಪ ಹತ್ತಿದರೆ ಸೀದಾ ದಿಬ್ಬದ ಬುಡಕ್ಕೆ. ಸ್ವಿಚ್ ಒತ್ತಿ ಇಳಿದು, ದೂರದಲ್ಲಿ ಕೂತು ರೊಟ್ಟಿ ಬಿಚ್ಚುತ್ತಿದ್ದೆವು. ಯಾರೂ ತುಳಿಯದೆ ಎಂಜಿನ್ ತಾನೇ ಗುಂಯ್ ಅಂತ ಏಳುವುದು, ಸೈಲೆನ್ಸರ್ ಬಾಯಲ್ಲಿ ಗಾಳಿ ನಡುಗುವುದು, ಒಂದು ಥರ ಕಮಟು ವಾಸನೆ. ಗಾಳಿ ಬೀಸಿದರೆ ದಿಬ್ಬದ ಮಣ್ಣು ರೊಟ್ಟಿ ಮೇಲೆ. ಮುಕ್ಕಾಲು ಗಂಟೆ ಆದ ಮೇಲೆ ಎಂಜಿನ್ ತಣ್ಣಗೆ ಇಳಿಯುತ್ತಿತ್ತು, ದೀಪ ಆರುತ್ತಿತ್ತು. ಗಾಡಿ ಹೊಸದರ ಹಾಗೆ ಎಳೆಯುತ್ತಿತ್ತು. ಕಳೆದ ಹೊತ್ತನ್ನು ತುಂಬಲು ಬೆಳಿಗ್ಗೆ ಇನ್ನೂ ಮುಂಚೆ ಹೊರಟೆವು. ಕಾಯಿಲೆಗೆ ಮದ್ದು ಸಿಕ್ಕಿತು ಅಂತಲೇ ತಿಳಿದಿದ್ದೆ.

ಶಿವರಾತ್ರಿ ಕಳೆದು ಬಿಸಿಲು ಏರಿತು. ಆಗ ಮೊದಲನೇ ಊರಿನ ಹಾಲು ಒಡೆಯಲು ಶುರುವಾಯಿತು.

ಶೀತಲ ಕೇಂದ್ರದಲ್ಲಿ ಕ್ಯಾನು ಇಳಿಸುವ ಕಟ್ಟೆ ಮೇಲೆ ಒಬ್ಬರು ನಿಂತಿರುತ್ತಾರೆ. ಪ್ರತಿ ಕ್ಯಾನಿನ ಮುಚ್ಚಳ ತೆಗೆದು ಮೂಗಿಟ್ಟು ನೋಡುವುದು ಅವರ ಕೆಲಸ. ಅನುಮಾನ ಬಂದರೆ ಗಾಜಿನ ನಳಿಕೆಯಲ್ಲಿ ಸ್ವಲ್ಪ ಹಾಲು ಕಾಯಿಸುತ್ತಾರೆ. ಒಡೆದರೆ ಮುಗಿಯಿತು, ಕ್ಯಾನು ಮೋರಿಗೆ. ಅವತ್ತು ಅವರು ಮೊದಲನೇ ಊರಿನ ಮುಚ್ಚಳ ತೆಗೆದು ಮುಖ ಸಿಂಡರಿಸಿದರು. ಮೂರು ಕ್ಯಾನೂ ಹೋಯಿತು. ಮಿಕ್ಕ ಊರಿನದೆಲ್ಲ ಚೆನ್ನಾಗಿತ್ತು. ಹಾಗಾಗಿ ಯಾರೂ ಗಾಡಿಯನ್ನು ಅನುಮಾನಿಸಲಿಲ್ಲ. ಗಾಡಿ ತಪ್ಪಾಗಿದ್ದರೆ ಎಲ್ಲ ಕ್ಯಾನೂ ಕೆಡಬೇಕಿತ್ತಲ್ಲ? ನಾನೂ ಹಾಗೇ ಅಂದುಕೊಂಡೆ. ನಿಜ ಹೇಳಬೇಕೆಂದರೆ, ಸದ್ಯ ನಮ್ಮ ತಲೆಗೆ ಬರಲಿಲ್ಲ ಅಂತ ಒಳಗೊಳಗೇ ನಿರಾಳವಾಯಿತು.

ಆ ಮೊದಲನೇ ಊರಿನ ಡೈರಿ ಹೆಂಗಸರ ಸಂಘದ್ದು. ಸೆಕ್ರೆಟರಿ ಅಕ್ಕ ಗಟ್ಟಿಗಿತ್ತಿ, ಹಾಲಿಗೆ ನೀರು ಹಾಕಿದವರನ್ನು ಬೀದಿಯಲ್ಲಿ ನಿಲ್ಲಿಸಿ ಕೇಳುವವಳು. ಖಾಲಿ ಕ್ಯಾನು ವಾಪಸ್ ಕೊಟ್ಟು ವಿಷಯ ಹೇಳಿದಾಗ ಅವಳ ಮುಖ ಸಣ್ಣಗಾಯಿತು. "ನಮ್ಮೂರ್ ಆಲೇ? ಸರಿಯಾಗಿ ನೋಡಿದ್ರಾ ಅಣ್ಣಾ?" ಅಂತ ಎರಡೆರಡು ಸಲ ಕೇಳಿದಳು. ಕ್ಯಾನು ಸರಿಯಾಗಿ ತೊಳೀರಮ್ಮ ಅಂತ ಬುದ್ಧಿ ಹೇಳಿ ಬಂದೆ.

ಕೆಲವು ದಿನ ಬಿಟ್ಟು ಮತ್ತೆ ಒಡೆಯಿತು. ಅಕ್ಕ ಸೋಡಾ ಹಾಕಿ, ಕುದಿಯುವ ನೀರು ಹುಯ್ದು, ಕ್ಯಾನು ಬಿಸಿಲಿಗೆ ಬೋರಲು ಹಾಕಿದಳು. ಮತ್ತೆ ಒಡೆಯಿತು. ಯಾರೋ ರಾತ್ರಿ ಉಳಿದ ಹಾಲು ಬೆರೆಸುತ್ತಿದ್ದಾರೆ ಅಂತ ಸುದ್ದಿ ಹುಟ್ಟಿತು. ಸಾಲಿನಲ್ಲಿ ನಿಂತ ಹೆಂಗಸರು ಒಬ್ಬರ ಪಾತ್ರೆ ಒಬ್ಬರು ಬಗ್ಗಿ ನೋಡತೊಡಗಿದರು. ಮೊದಲು ಅಲ್ಲಿ ಎಷ್ಟು ನಗು, ಎಷ್ಟು ಮಾತು ಇರುತ್ತಿತ್ತು. ನಮ್ಮ ಬಾಮೈದನಿಗೆ ಹೆಣ್ಣು ಹುಡುಕಿಕೊಡುವ ಕೆಲಸವೂ ಅಲ್ಲೇ ನಡೆಯುತ್ತಿತ್ತು. ಈಗ ಹಾಲು ಹುಯ್ದವರು ಹುಯ್ದ ಹಾಗೇ ಮನೆಗೆ.

ಕೊನೆಗೆ ಅನುಮಾನ ಬಂದು ನಿಂತದ್ದು ಊರ ಅಂಚಿನ ಮನೆಯವಳ ಮೇಲೆ. ಟೊಮೆಟೊ ತೋಟಗಳಿಗೆ ಕೂಲಿ ಹೋಗುವವಳು, ಇರುವುದು ಒಂದೇ ಒಂದು ಸೀಮೆ ಹಸು. ದೂರದಿಂದ ನಡೆದು ಬರಬೇಕಾದ್ದರಿಂದ ದಿನಾ ಅವಳೇ ಕೊನೆಗೆ ಹಾಲು ಹುಯ್ಯುವವಳು. ಮೂರೂ ಕ್ಯಾನನ್ನು ಕಂಠದವರೆಗೆ ತುಂಬಲು ಅವಳ ಹಾಲನ್ನೇ ಹಂಚಿ ಹುಯ್ಯುತ್ತಿದ್ದರು, ಆಮೇಲೇ ಬಾಯಿ ಮುಚ್ಚುವುದು. ಅವಳ ಹಸುವಿಗೆ ಕೆಚ್ಚಲು ಬಾವು ಇರಬೇಕು, ಹೊರಗೆ ಕಾಣದೆ ಒಳಗೇ ಇರಬೇಕು ಅಂತ ಯಾರೋ ಅಂದರು. ಡಾಕ್ಟರ್ ಬಂದು ನೋಡಿ ಏನೂ ಇಲ್ಲ ಅಂದರು. ಏನೂ ಇಲ್ಲದಿದ್ದರೆ ಹಾಲು ಯಾಕೆ ಒಡೆಯುತ್ತದೆ ಅಂದರು ಹೆಂಗಸರು. ಸೆಕ್ರೆಟರಿ ಅಕ್ಕ ಮನಸ್ಸಿಲ್ಲದ ಮನಸ್ಸಿನಿಂದ, "ಸ್ವಲ್ಪ ದಿನ ಆಲು ತರಬ್ಯಾಡ ಕಣವ್ವಾ, ನೋಡಾಣ" ಅಂದಳು. ನಾನು ಆಗ ಕ್ಯಾನು ಏರಿಸುತ್ತಾ ಅಲ್ಲೇ ಇದ್ದೆ. ಆ ಹೆಂಗಸು ಜಗಳ ಮಾಡಲಿಲ್ಲ. ತಂದ ಹಾಲನ್ನು ಸೆರಗಿನಲ್ಲಿ ಮುಚ್ಚಿಕೊಂಡು ವಾಪಸ್ ಹೋದಳು.

ಅವಳ ಹಾಲು ನಿಂತ ಮೇಲೆ ಒಡೆಯುವುದೂ ನಿಂತಿತು. ಒಂದು ದಿನವೂ ತೊಂದರೆ ಇಲ್ಲ. ನೋಡಿದಿರಾ ಅಂದರು ಎಲ್ಲರೂ. ಅದೇ ವಾರ ನಾನು ಗಾಡಿಯನ್ನು ಸರ್ವೀಸಿಗೆ ಬಿಟ್ಟು, ಫಿಲ್ಟರನ್ನು ಬಿಚ್ಚಿಸಿ ಪೂರ್ತಿ ತೊಳೆಸಿಕೊಂಡು ಬಂದಿದ್ದೆ. ದೀಪ ಹತ್ತುತ್ತಿರಲಿಲ್ಲ, ದಿಬ್ಬದ ಬುಡಕ್ಕೆ ಹೋಗುವ ಕೆಲಸವೂ ಇರಲಿಲ್ಲ. ಇವೆರಡನ್ನೂ ಸೇರಿಸಿ ನೋಡುವ ಬುದ್ಧಿ ಯಾರಿಗೂ ಬರಲಿಲ್ಲ, ನನಗಂತೂ ಬರಲೇ ಇಲ್ಲ.

ಡೈರಿಗೆ ಹಾಕಲಾಗದ ಹಸುವನ್ನು ಕೂಲಿಯವಳು ಎಷ್ಟು ದಿನ ಸಾಕುತ್ತಾಳೆ? ಆಂಧ್ರದ ಕಡೆಯ ಒಬ್ಬ ದಲ್ಲಾಳಿ ಬಂದು ನೋಡಿದ. ಹಾಲು ಒಡೆಯುವ ಹಸು ಅಂತ ಊರೆಲ್ಲ ಹೇಳುತ್ತಿತ್ತು, ಕೇಳಿದ್ದಕ್ಕೆ ಕೊಟ್ಟಳು. ಬಂಗಾರಪೇಟೆಯವರೆಗೆ ತಂದು ಬಿಡುತ್ತೀಯಾ ಅಂತ ದಲ್ಲಾಳಿ ನನ್ನನ್ನೇ ಕೇಳಿದ. ಮಧ್ಯಾಹ್ನ ಗಾಡಿ ಖಾಲಿ ಇರುತ್ತದೆ. ಒಪ್ಪಿಕೊಂಡೆ.

ಅವಳು ಹಸುವಿನ ಜೊತೆ ರಸ್ತೆವರೆಗೂ ಬಂದಳು. ಹಲಗೆ ಮೇಲೆ ಗೋಣಿಚೀಲ ಹಾಸಿ, ಹಸುವನ್ನು ಹತ್ತಿಸಿ, ಕ್ಯಾಬಿನ್ ಪಕ್ಕದ ಸರಳಿಗೆ ಹಗ್ಗ ಕಟ್ಟಿದೆವು. ಬಿಗಿಯಾಗಿ ಕಟ್ಟಬೇಡಿ ಅಂದಳು, ಅಷ್ಟೇ. ಗಾಡಿ ಹೊರಟಾಗ ಕನ್ನಡಿಯಲ್ಲಿ ನೋಡಿದೆ. ಅಲ್ಲೇ ನಿಂತಿದ್ದಳು.

ಕೆಜಿಎಫ್ ಹತ್ತಿರ ದೀಪ ಹತ್ತಿತು. ತೊಳೆಸಿದ ಮೇಲೆ ಅದೇ ಮೊದಲ ಸಲ. "ಬಂದ್ಬುಟ್ಟ ನಿನ್ ದೇವ್ರು" ಅಂದ ಬಾಮೈದ. ತಡ ಮಾಡಬಾರದು ಅಂತ ಪಾಠ ಆಗಿತ್ತಲ್ಲ, ದಿಬ್ಬದ ಕಡೆ ತಿರುಗಿಸಿದೆ. ಹ್ಯಾಂಡ್‌ಬ್ರೇಕ್, ನ್ಯೂಟ್ರಲ್, ಸ್ವಿಚ್. ಎಂಜಿನ್ ಎದ್ದಿತು. ಇಳಿದು ದೂರ ಹೋಗಿ ಕೂತೆವು.

ಸ್ವಲ್ಪ ಹೊತ್ತಿಗೆ ಹಸು ಕೂಗಲು ಶುರು ಮಾಡಿತು. "ಊರ್ ಬುಟ್ ಬಂದಿದ್ದಕ್ಕೆ ಅಳ್ತಾ ಅದೆ ಬಾವ" ಅಂದ. ನಾನೂ ಹಾಗೇ ತಿಳಿದೆ. ಆಮೇಲೆ ಅದು ಒಂದೊಂದೇ ಕಾಲು ಎತ್ತಿ ಎತ್ತಿ ಇಡತೊಡಗಿತು, ಹಗ್ಗ ಎಳೆದುಕೊಂಡು ಹಿಂದಕ್ಕೆ ಸರಿಯಲು ನೋಡಿತು. ಗಾಡಿಯೇ ಅಲ್ಲಾಡಿತು. ಬಾಮೈದ ಚಪ್ಪಲಿ ಬಿಟ್ಟು ಹತ್ತಿದ. ಹಾಲಿನ ಕ್ಯಾನು ಇಡುವ ಹಲಗೆಯನ್ನು ನಾವು ಚಪ್ಪಲಿಯಲ್ಲಿ ತುಳಿಯುವುದಿಲ್ಲ, ಖಾಲಿ ಇದ್ದರೂ ಸರಿ. ಹತ್ತಿದವನು ಹಸುವಿನ ಮುಂದೆ ಹೋಗಿ, "ಅಯ್ಯಪ್ಪಾ!" ಅಂತ ಕಿರುಚಿ ಒಂದೇ ನೆಗೆತಕ್ಕೆ ಕೆಳಗೆ ಬಿದ್ದ.

"ಏನ್ಲಾ ಆಯ್ತು?"

"ಕಾಲಿಡಾಕಾಗಲ್ಲ ಬಾವ, ಕಾವ್ಲಿ ಆಗೈತೆ!"

ಗೋಣಿಚೀಲ ಕಮಟು ವಾಸನೆ ಹೊಡೆಯುತ್ತಿತ್ತು. ಅದನ್ನು ಸರಿಸಿ ಹಲಗೆಗೆ ಹೊದಿಸಿದ್ದ ತಗಡಿನ ಮೇಲೆ ಅಂಗೈ ಇಟ್ಟೆ, ತಕ್ಷಣ ಎಳೆದುಕೊಂಡೆ. ಎಡಗಡೆ, ಕ್ಯಾಬಿನ್ನಿಗೆ ತಾಗಿದ ಜಾಗ. ಕೆಳಗೆ ಬಗ್ಗಿ ನೋಡಿದೆ. ನೇರ ಅದರ ಕೆಳಗೇ ಫಿಲ್ಟರಿನ ಡಬ್ಬ. ಇವೆರಡರ ನಡುವೆ ಕಂಪನಿಯವರು ಹಾಕಿದ್ದ ಒಂದು ತಗಡಿನ ಕವಚ ಇತ್ತು. ಹಲಗೆ ಇಳಿಸಲು ಅಡ್ಡ ಬರುತ್ತದೆ ಅಂತ ಬಾಡಿ ಕಟ್ಟುವವನು ಅದನ್ನು ತೆಗೆದಿದ್ದ. ತೆಗೆಯಲಾ ಅಂತ ನನ್ನನ್ನು ಕೇಳಿಯೇ ತೆಗೆದಿದ್ದ. ಗಾಡಿ ಓಡುವಾಗ ಗಾಳಿ ಆಡಿ ಶಾಖ ಹೋಗುತ್ತದೆ. ನಿಲ್ಲಿಸಿ ಸುಟ್ಟರೆ ಎಲ್ಲವೂ ನೇರ ಮೇಲಕ್ಕೆ.

ಕ್ಯಾನು ಹೇರುವುದು ಮುಂದಿನಿಂದ. ಮೊದಲನೇ ಊರಿನ ಮೂರು ಕ್ಯಾನು ಯಾವಾಗಲೂ ಎಡಗಡೆ, ಕ್ಯಾಬಿನ್ನಿಗೆ ಒತ್ತಿ ನಿಲ್ಲುತ್ತಿದ್ದವು. ಅಷ್ಟು ದಿನ ಬಿಸಿಲಲ್ಲಿ ಮುಕ್ಕಾಲು ಗಂಟೆ ಆ ಹಾಲನ್ನು ನಾನೇ ಒಲೆ ಮೇಲೆ ಇಟ್ಟು, ದೂರದಲ್ಲಿ ಕೂತು ರೊಟ್ಟಿ ತಿಂದಿದ್ದೆ.

ಎಂಜಿನ್ ಆಫ್ ಮಾಡಿದೆ. ಹಸುವನ್ನು ಹಿಂದಕ್ಕೆ ತಂದು ಕಟ್ಟಿದೆವು.

"ಬಾವ, ಯಾರ್ಗೂ ಏಳ್ಬ್ಯಾಡ" ಅಂದ ಬಾಮೈದ. ಅಂಗಾಲು ಉಜ್ಜಿಕೊಳ್ಳುತ್ತಿದ್ದ. "ಅಲಗೆ ಎತ್ರಿಸಾಣ, ತಗಡು ಆಕಾಣ. ನಾಳೆಯಿಂದ ಇಳಿಸಿದ್ ಮ್ಯಾಲೇ ಸುಡಾಣ. ಏಳಿದ್ರೆ ರೂಟ್ ಓಯ್ತದೆ. ಅಸ ಮಾರಾಗೈತೆ, ಇನ್ನೇನ್ ಬತ್ತದೆ ಏಳು?"

ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಗಾಡಿ ಓಡಿಸಿಕೊಂಡು ಬಂಗಾರಪೇಟೆವರೆಗೂ ಅದನ್ನೇ ಯೋಚಿಸಿದೆ. ಸುಮ್ಮನಿದ್ದರೆ ರೂಟು ಉಳಿಯುತ್ತದೆ. ಆದರೆ ಹಿಂದೆ ಆ ಹಸು ನಿಂತಿತ್ತು. ರೈಲ್ವೆ ಗೇಟಿನ ಹತ್ತಿರ ಗಾಡಿ ನಿಂತಾಗ ಅದು ಮೂಗಿನಿಂದ ಉಸಿರು ಬಿಟ್ಟ ಸದ್ದು ಕೇಳಿಸಿತು. ಹಸುವನ್ನು ವಾಪಸ್ ಕೊಡಿಸಬೇಕು ಅಂತ ಅಲ್ಲೇ ತೀರ್ಮಾನ ಮಾಡಿದೆ.

ಆ ತೀರ್ಮಾನ ಮಾಡಿದವನು ಬಾಯಿ ಹೇಗೆ ಬಿಡಬೇಕು ಅಂತಲೂ ಯೋಚಿಸಬೇಕಿತ್ತು. ದಲ್ಲಾಳಿಯ ಮುಂದೆ ಎಲ್ಲವನ್ನೂ ಉಗುಳಿಬಿಟ್ಟೆ. ತಪ್ಪು ಹಸುವಿನದಲ್ಲ, ನನ್ನ ಗಾಡಿಯದು, ಹಾಲು ಒಳ್ಳೆಯದೇ, ದಯವಿಟ್ಟು ವಾಪಸ್ ಕೊಡು, ನೀನು ಕೊಟ್ಟದ್ದನ್ನು ಕೊಟ್ಟುಬಿಡುತ್ತಾಳೆ ಅಂದೆ. ಅವನ ಮುಖ ಅರಳಿತು.

"ಅಂಗಂತೀರಾ? ಅಯಿತೇ ಮಂಚಿ ಆವು ಅನ್ನಿ!" ಅಂದ, ಹಾಗಾದರೆ ಒಳ್ಳೇ ಹಸು ಅಂತ ಅವನ ತೆಲುಗಿನಲ್ಲಿ. ಹಸುವಿನ ಬೆನ್ನ ಮೇಲೆ ಕೈಯಾಡಿಸಿದ. ಒಡೆಯುವ ಹಾಲಿನ ಹಸು ಅಂತ ಅಗ್ಗಕ್ಕೆ ತಂದಿದ್ದ, ಒಳ್ಳೇ ಹಸುವಿಗೆ ಬೇರೆ ಬೆಲೆ. ಅವನು ಹೇಳಿದ ಬೆಲೆಗೆ ಕೂಲಿಯವಳು ಇನ್ನೊಂದು ಜನ್ಮ ದುಡಿಯಬೇಕು. ನಾನು ಗೋಗರೆದೆ, ಬೈದೆ. ಅವನು ಬೇಜಾರೂ ಮಾಡಿಕೊಳ್ಳದೆ ಹಸುವನ್ನು ಬೇರೆ ಗಾಡಿಗೆ ಹತ್ತಿಸಿದ. ಬಾಮೈದ ನನ್ನ ಮುಖ ನೋಡಲಿಲ್ಲ. ನನಗೆ ನನ್ನ ಮೇಲೇ ಹೇಸಿಗೆಯಾಯಿತು.

ಆದರೂ ಮಾರನೇ ದಿನ ಶೀತಲ ಕೇಂದ್ರದಲ್ಲಿ ಹೇಳಿದೆ. ಹಸುವಂತೂ ಹೋಯಿತು, ಊರಿನ ಹೆಸರಾದರೂ ಉಳಿಯಲಿ ಅಂತ. ಅಲ್ಲಿನ ಅಧಿಕಾರಿ ಒಳ್ಳೆಯವರು, ಪೂರ್ತಿ ಕೇಳಿಸಿಕೊಂಡರು. ಗಾಡಿ ಹತ್ತಿರ ಬಂದು ಬಗ್ಗಿ ಫಿಲ್ಟರನ್ನೂ ನೋಡಿದರು.

"ನೀವು ಹೇಳಿದ್ದು ಒಳ್ಳೇದಾಯ್ತು" ಅಂದರು. "ಆದ್ರೆ ನೋಡಿ, ಗೊತ್ತಾದ್ಮೇಲೂ ಈ ಗಾಡೀಲಿ ಹಾಲು ತರಿಸಿದ್ರೆ ನಾಳೆ ನನ್ನ ಕೇಳ್ತಾರೆ."

ಹಲಗೆ ಎತ್ತರಿಸಿ ತರುತ್ತೇನೆ ಸಾರ್ ಅಂದೆ.

"ತನ್ನಿ, ನೋಡೋಣ. ಅಲ್ಲಿವರೆಗೆ ಬೇರೆ ಗಾಡಿ ಹಾಕಿಕೊಳ್ತೀವಿ."

ಸಂಜೆಯ ರೂಟಿಗೇ ಬೇರೆ ಗಾಡಿ ಬಂತು. ಹಳೇ ಮಾಡಲ್ಲು, ಫಿಲ್ಟರೂ ಇಲ್ಲ ದೀಪವೂ ಇಲ್ಲ, ಏರು ಹತ್ತುವಾಗ ಹಿಂದೆ ಬರುವವರಿಗೆ ಕಣ್ಣು ಕಾಣದ ಹಾಗೆ ಕಪ್ಪು ಹೊಗೆ. ಡೈರಿ ಮುಂದೆ ನೂರು ಸಲ ಆಫ್ ಮಾಡಿದರೂ ಅದಕ್ಕೆ ಏನೂ ಆಗುವುದಿಲ್ಲ. ನಾನು ಬಾಡಿ ಬಿಚ್ಚಿಸಿದೆ, ದಪ್ಪ ತೊಲೆ ಹಾಕಿಸಿ ಹಲಗೆ ಎತ್ತರಿಸಿದೆ, ತಗಡಿನ ಕವಚ ಕೂರಿಸಿದೆ. ಕೇಂದ್ರಕ್ಕೆ ಒಯ್ದು ತೋರಿಸಿದೆ. ಚೆನ್ನಾಗಿದೆ ಅಂದರು. ಈಗ ಓಡುತ್ತಿರುವ ಗಾಡಿಯಿಂದ ಏನೂ ದೂರು ಇಲ್ಲವಲ್ಲ, ದೂರು ಬಂದರೆ ಕರೆಯುತ್ತೇವೆ ಅಂದರು. ಕಟ್ಟೆ ಮೇಲೆ ಆ ಹಳೇ ಗಾಡಿಯಿಂದ ಕ್ಯಾನು ಇಳಿಯುತ್ತಿತ್ತು. ಯಾವುದೂ ಒಡೆದಿರಲಿಲ್ಲ.

ಆ ಊರಿಗೆ ಹೋಗಲು ಬಹಳ ದಿನ ಕಾಲು ಬರಲಿಲ್ಲ. ಹೋದಾಗ ಮೊದಲು ಸಿಕ್ಕವಳು ಸೆಕ್ರೆಟರಿ ಅಕ್ಕ. ಕೇಂದ್ರದಿಂದ ಅವಳಿಗೆ ವಿಷಯ ಮುಟ್ಟಿತ್ತು. ನನ್ನನ್ನು ನೋಡಿದ್ದೇ ಹರಿಹಾಯ್ದಳು. "ಕ್ಯಾನ್ ತೊಳೀರಿ ಅಂತ ನಮ್ಗೇ ಬುದ್ದಿ ಏಳ್ದಲ್ಲಣ್ಣಾ ನೀನು! ಬ್ಯಾಸ್ಗೆಯೆಲ್ಲಾ ನಾವು ಒಬ್ಬುರ್ನೊಬ್ರು ಕಳ್ಳಿ ಕಳ್ಳಿ ಅಂದ್ಕಂಡು ಸತ್ವಿ. ಅರ್ದ ಜನ ಪ್ರೈವೇಟ್ ವ್ಯಾನಿಗೆ ಆಲು ಆಕ್ತಾ ಅವ್ರೆ, ಈಗ ಕರದ್ರೆ ಬತ್ತಾರಾ?" ಆಮೇಲೆ ದನಿ ಇಳಿಸಿ, "ಅವಳ್ನ ಬ್ಯಾಡ ಅಂದೋಳು ನಾನೇ. ಅವಳ ಮನೆತಾವ ಓಗಿ ಏಳಾಕೆ ನಂಗೇ ಮೊಕ ಇಲ್ಲ. ನೀನೇ ಓಗು" ಅಂದಳು.

ಹೋದೆ. ಊರ ಅಂಚಿನ ಮನೆ. ಆಗಷ್ಟೇ ಕೂಲಿಯಿಂದ ಬಂದಿದ್ದಳು, ಬೆರಳುಗಳಿಗೆ ಟೊಮೆಟೊ ಗಿಡದ ಹಸಿರು ಅಂಟಿತ್ತು. ಪಕ್ಕದಲ್ಲಿ ಹಸು ಕಟ್ಟುತ್ತಿದ್ದ ಜಾಗ ಗುಡಿಸಿ ಖಾಲಿ ಇತ್ತು. ಕೂತ್ಕೋ ಅಣ್ಣಾ ಅಂತ ಹೇಳಿ ಚೊಂಬಿನಲ್ಲಿ ನೀರು ತಂದುಕೊಟ್ಟಳು. ನೀರು ಕುಡಿದು ಹೇಳಲು ಶುರು ಮಾಡಿದೆ. ಮಸಿ, ಫಿಲ್ಟರ್, ಸ್ವಿಚ್, ದಿಬ್ಬದ ಬುಡದಲ್ಲಿ ಸುಡುತ್ತಿದ್ದದ್ದು, ಹಲಗೆ ಇಳಿಸಿದ್ದು, ತಗಡು ತೆಗೆಸಿದ್ದು, ಹಸು ಕೂಗಿದ್ದು, ಕಾಲು ಎತ್ತಿ ಎತ್ತಿ ಇಟ್ಟದ್ದು, ಅದರಿಂದಲೇ ನಮಗೆ ಗೊತ್ತಾದದ್ದು. ನಿನ್ನ ಹಸುವಿನದು ಏನೂ ತಪ್ಪಿರಲಿಲ್ಲ ತಾಯಿ, ನಿನ್ನ ಹಾಲು ಚೆನ್ನಾಗೇ ಇತ್ತು ಅಂದೆ. ದಲ್ಲಾಳಿಯನ್ನು ಕೇಳಿದ್ದೂ ಹೇಳಿದೆ, ಅವನು ಕೊಡಲಿಲ್ಲ ಎಂಬುದನ್ನೂ ಹೇಳಿದೆ. ಬೈಯಲಿ ಅಂತ ಕಾದೆ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಅವಳು ಹಾಲಿನ ವಿಷಯ ಕೇಳಲಿಲ್ಲ, ದಲ್ಲಾಳಿಯ ವಿಷಯವನ್ನೂ ಕೇಳಲಿಲ್ಲ. ಸ್ವಲ್ಪ ಹೊತ್ತು ಆ ಖಾಲಿ ಜಾಗದ ಕಡೆ ನೋಡಿ, "ಅದುರ ಕಾಲು ಸುಟ್ಟೋಯ್ತಾ ಅಣ್ಣಾ?" ಅಂದಳು.

ಇಲ್ಲ ತಾಯಿ, ಏನೂ ಆಗಿರಲಿಲ್ಲ ಅಂದೆ. ನಾನು ಅದರ ಕಾಲು ನೋಡಿಯೇ ಇರಲಿಲ್ಲ.